ಒಂದೂವರೆ ಸಿಂಹದ ಸಿಂಹಾಸನ

ನಂಜುಂಡನಿಗೆ ಅತ್ತೆಯ ಮೇಲೆ ಸಿಟ್ಟೇನೂ ಇರಲಿಲ್ಲ. ಇದ್ದದ್ದು ಒಂದೇ ಒಂದು ಕೊರಗು. ಮದುವೆಯಾಗಿ ಇಪ್ಪತ್ತೊಂದು ವರ್ಷ ಕಳೆದರೂ ಆಕೆ ಅವನ ಜೊತೆ ನೇರವಾಗಿ ಒಂದು ಮಾತು ಆಡಿರಲಿಲ್ಲ. ಜಗಳ ಗಿಗಳ ಅಂದುಕೊಳ್ಳಬೇಡಿ. ಚಿಕ್ಕತಾಯಮ್ಮನವರ ಮನೆತನದಲ್ಲಿ ಅತ್ತೆಯಾದವಳು ಅಳಿಯನಿಗೆ ಎದುರಾಗಿ ಮಾತಾಡುವುದು ಮರ್ಯಾದೆಯಲ್ಲ. ಹೇಳುವುದನ್ನು ಮಗಳಿಗೆ ಹೇಳಬೇಕು, ಮಗಳು ಗಂಡನಿಗೆ ದಾಟಿಸಬೇಕು. ಅಳಿಯ ಎರಡು ಅಡಿ ದೂರದಲ್ಲಿ ಊಟಕ್ಕೆ ಕೂತಿದ್ದರೂ ಆಕೆ ಗೋಡೆ ನೋಡಿಕೊಂಡು, "ಊರ್ಮಿಳಾ, ನಿನ್ ಗಂಡಂಗೆ ಇನ್ನೊಂದ್ ಮುದ್ದೆ ಬೇಕಾ ಕೇಳವ್ವ" ಅನ್ನುವರು. ನಂಜುಂಡ "ಸಾಕು" ಅಂದದ್ದು ಗೋಡೆಗೂ ಕೇಳಿಸುತ್ತಿತ್ತು. ಆದರೂ ಊರ್ಮಿಳಾ ಬಂದು "ಸಾಕಂತೆ" ಅನ್ನುವ ತನಕ ಚಿಕ್ಕತಾಯಮ್ಮನವರಿಗೆ ಕೇಳಿಸುತ್ತಿರಲಿಲ್ಲ.

ಇಂಥ ಅಳಿಯಂದಿರು ಮೈಸೂರು ಸೀಮೆಯಲ್ಲಿ ಬೇಕಾದಷ್ಟಿದ್ದಾರೆ, ಎಲ್ಲರೂ ಸುಮ್ಮನಿದ್ದಾರೆ. ನಂಜುಂಡ ಸುಮ್ಮನಿರಲಿಲ್ಲ. ಅದಕ್ಕೇ ಅವನ ಕಥೆ ಹೇಳಬೇಕಾಗಿ ಬಂದಿದೆ.

ಅತ್ತೆಯ ಬಾಯಿ ಬಿಡಿಸುವ ದಾರಿ ಅವನಿಗೆ ಹೊಳೆದದ್ದು 2003ನೇ ಇಸವಿಯ ಒಂದು ಭಾನುವಾರ, ಪೇಪರಿನಲ್ಲಿ. ಸ್ವರ್ಣಚಿತ್ರ ರೆಪ್ಲಿಕಾಸ್ ಎಂಬ ಕಂಪನಿಯ ಜಾಹೀರಾತು ಅದು. ಹಳೆಯ ರಾಜರಾಣಿ ಚಿತ್ರಗಳಲ್ಲಿ ಬಂದ ಕಿರೀಟ, ಗದೆ, ಖಡ್ಗ, ಸಿಂಹಾಸನ, ಯಾವುದು ಬೇಕೋ ಅದರ ತದ್ರೂಪು ಮಾಡಿಕೊಡುತ್ತಾರಂತೆ. ಮುಂಗಡವಾಗಿ ಪೂರ್ತಿ ಕಟ್ಟಿ ಬುಕ್ ಮಾಡಿದರೆ ತೊಂಬತ್ತು ದಿನದಲ್ಲಿ ಮನೆಬಾಗಿಲಿಗೆ. ಜೊತೆಗಿದ್ದ ಪಟ್ಟಿಯಲ್ಲಿ ಒಂದು ಚಿತ್ರದ ಹೆಸರು ಓದಿ ನಂಜುಂಡ ಕಾಫಿ ಲೋಟ ಕೆಳಗಿಟ್ಟ.

ಅದು ಅತ್ತೆಯ ಚಿತ್ರ. ನಲವತ್ತು ವರ್ಷದ ಹಿಂದೆ, ಚಿಕ್ಕತಾಯಮ್ಮನವರ ಗಂಡ ಪೆರಂಬೂರಿನ ರೈಲ್ವೆ ಕಾರ್ಖಾನೆಯಲ್ಲಿದ್ದಾಗ, ಕನ್ನಡ ಚಿತ್ರಗಳೆಲ್ಲ ಮದರಾಸಿನಲ್ಲೇ ತಯಾರಾಗುತ್ತಿದ್ದವು. ಪಕ್ಕದ ಮನೆಯವಳೊಬ್ಬಳು ಇವರನ್ನು ಕೋಡಂಬಾಕ್ಕಂ ಸ್ಟುಡಿಯೋಗೆ ಕರೆದೊಯ್ದು ಚಾಮರ ಹಿಡಿಸಿದ್ದಳು. ಎರಡು ವರ್ಷದ ಊರ್ಮಿಳಾಳನ್ನು ಯಾರದೋ ಮಡಿಲಿಗೆ ಹಾಕಿ ನಾಲ್ಕು ದಿನ ಆಕೆ ರಾಣಿಯ ಸಿಂಹಾಸನದ ಹಿಂದೆ ನಿಂತು ಚಾಮರ ಬೀಸಿದ್ದರು. ಊಟದ ಬಿಡುವಿನಲ್ಲಿ ಒಮ್ಮೆ ಆ ಸಿಂಹಾಸನದ ಅಂಚಿಗೆ ಒರಗಿದ್ದಕ್ಕೆ ಯಾವನೋ ಸಹಾಯಕ ಗದರಿದ್ದ. ಯುಗಾದಿ ಬರಲಿ, ಗೌರಿಹಬ್ಬ ಬರಲಿ, ಆ ಕಥೆ ಬಂದೇ ಬರುತ್ತಿತ್ತು. "ಒಂದ್ ಗಳಿಗೆ ಕೂರಾಕ್ ಬಿಡ್ನಿಲ್ಲ ಕಣವ್ವ" ಎಂದು ಮುಗಿಯುತ್ತಿತ್ತು.

"ಊರ್ಮಿಳಾ," ಎಂದ ನಂಜುಂಡ, "ನಿಮ್ಮಮ್ಮನ್ನ ಅದೇ ಸಿಂಹಾಸನದ ಮೇಲೆ ಕೂರಿಸ್ತೀನಿ. ಫೋನ್ ಮಾಡಿ ಹೇಳು."

"ರೀ, ನಮ್ಮ ಹಾಲ್ ಹತ್ತಡಿ ಇದೆ. ಸಿಂಹಾಸನ ಇಟ್ರೆ ನಾವೆಲ್ಲಿ ಕೂತ್ಕೊಳ್ಳೋದು?"

"ಎದುರಿಗೆ," ಎಂದ ನಂಜುಂಡ. ಅಷ್ಟಾದ ಮೇಲೂ ಆಕೆ ಒಂದು ಮಾತು ಆಡದೆ ಇರುತ್ತಾರೆಯೇ ಎಂಬುದು ಅವನ ಎಣಿಕೆ.

ಇಲ್ಲಿ ನಂಜುಂಡನ ಉದ್ಯೋಗದ ವಿಚಾರ ಹೇಳಬೇಕು. ಅವನು ಮದರಾಸಿನಲ್ಲಿ ರೈಲ್ವೆ ಪಾರ್ಸೆಲ್ ಆಫೀಸಿನ ಗುಮಾಸ್ತ. ಇಪ್ಪತ್ತಾರು ವರ್ಷ ಅದೇ ಕೌಂಟರು, ಅದೇ ಸ್ಟೂಲು. ಮಾವಿನ ಬುಟ್ಟಿ ಬರಲಿ, ಮೋಟರ್ ಸೈಕಲ್ ಬರಲಿ, ರಸೀದಿ ತೋರಿಸಿದವನಿಗೆ ಸರಕು. ರಸೀದಿ ಇದೆ ಅಂದರೆ ಆ ಸರಕು ಈ ಭೂಮಿಯ ಮೇಲೆ ಎಲ್ಲೋ ಇದೆ, ಬರುತ್ತಿದೆ, ಬಂದೇ ಬರುತ್ತದೆ. ಜನಕ್ಕೆ ದೇವರ ಮೇಲೆ ಇರುವ ನಂಬಿಕೆ ನಂಜುಂಡನಿಗೆ ರಸೀದಿಯ ಮೇಲಿತ್ತು. ಹಾಗಾಗಿ ಕಂಪನಿಯ ಗುಲಾಬಿ ರಸೀದಿ ಕೈಗೆ ಬಂದ ಸಂಜೆಯೇ ಅವನು ಹಾಲಿನ ಸೋಫಾವನ್ನು ಭಾವಮೈದ ಅಜಿತನಿಗೆ ಕೊಟ್ಟು, ಆ ಜಾಗಕ್ಕೆ ಸೀಮೆಸುಣ್ಣದಲ್ಲಿ ಚೌಕ ಬರೆದ.

ಪುರಸೈವಾಕ್ಕಂನ ಆ ಮನೆಗೆ ಬಂದವರೆಲ್ಲ ಚಾಪೆಯ ಮೇಲೆ, ಚೌಕದ ಸುತ್ತ ಕೂರುವಂತಾಯಿತು. ಚೌಕದೊಳಗೆ ಯಾರೂ ಕಾಲಿಡುವಂತಿಲ್ಲ. "ಅಪ್ಪಾ, ನಾ ಅಂಗೇ ಪಡುಕ್ಕಟ್ಟುಮಾ?" ಎಂದು ಮಗಳು ಕೃತಿ ತಮಿಳಿನಲ್ಲೇ ಕೇಳಿದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ತಮಿಳು. ಅಲ್ಲಿ ಮಲಗುವ ಮಾತೇ ಇಲ್ಲ, ಅದು ಅಜ್ಜಿಯ ಜಾಗ ಎಂದ ನಂಜುಂಡ. ಕೃತಿ ಖಾಲಿ ನೆಲವನ್ನು ನೋಡಿ, ಅಪ್ಪನನ್ನು ನೋಡಿ, ಬಚ್ಚಲಿಗೆ ಹೋಗಿ ನಕ್ಕಳು.

ತೊಂಬತ್ತು ದಿನ ಕಳೆಯಿತು. ಕಂಪನಿಯಿಂದ ಕಾಗದ ಬಂತು. "ತಮ್ಮ ಸಿಂಹಾಸನದ ಬಲಗಡೆಯ ಸಿಂಹ ಸಂಪೂರ್ಣವಾಗಿದೆ." ನಂಜುಂಡ ಅದನ್ನು ಮೂರು ಸಲ ಓದಿ ನೆರೆಹೊರೆಗೂ ಓದಿ ಹೇಳಿದ. ಎರಡು ತಿಂಗಳಾದ ಮೇಲೆ ಇನ್ನೊಂದು. "ಎಡಗಡೆಯ ಸಿಂಹದ ಕೇಸರ ಕೆತ್ತನೆ ನಡೆದಿದೆ." ಆಮೇಲೆ ಕಾಗದವೂ ಇಲ್ಲ, ಫೋನ್ ಎತ್ತುವವರೂ ಇಲ್ಲ. ಅತ್ತ ಚಿಕ್ಕತಾಯಮ್ಮನವರು ತಮ್ಮೂರು ನಂಜನಗೂಡಿನ ಬೀದಿಗೆಲ್ಲ ಹೇಳಿಕೊಂಡು ಮೈಸೂರಿನಿಂದ ಮದರಾಸು ರೈಲಿಗೆ ಟಿಕೆಟ್ ತೆಗೆಸಿಬಿಟ್ಟರು. ಬರುವ ಶನಿವಾರದ ಮುಂದಿನ ಶನಿವಾರ ಬೆಳಿಗ್ಗೆ ಇಳಿಯುವುದು ಖಚಿತ.

ನಂಜುಂಡ ರಜೆ ಹಾಕಿ ವಡಪಳನಿಯ ಕಂಪನಿಗೆ ಹೋದ. ಮೊದಲ ಮಹಡಿ. ಬಾಗಿಲಿಗೆ ಬೀಗ. ಬೀಗದ ಮುಂದೆ ನಲವತ್ತಾರು ಜನ.

ಎಲ್ಲರ ಕೈಯಲ್ಲೂ ಗುಲಾಬಿ ರಸೀದಿ. ಸೌಕಾರ್‌ಪೇಟೆಯ ಸೇಠ್ ಒಬ್ಬರು ಮೂರು ಕಿರೀಟ ಬುಕ್ ಮಾಡಿದ್ದರು. ಸುಮತಿ ಎಂಬ ನಿವೃತ್ತ ಟೀಚರ್ ಮಾತಾಡುವ ಗಿಣಿಯ ಪಂಜರಕ್ಕೆ ಕಾದಿದ್ದರು. ಬೆಸೆಂಟ್ ನಗರದಲ್ಲಿ ಸಸ್ಯಾಹಾರಿ ಹೋಟೆಲಿಟ್ಟಿದ್ದ ಉಡುಪಿ ಕಡೆಯ ಮಧ್ವರಾಜ, ಮನೆತುಂಬ ಸಿನಿಮಾ ಸಾಮಾನು ಕೂಡಿಡುವ ಹುಚ್ಚಿನವರು, ಗಲ್ಲಾಪೆಟ್ಟಿಗೆಯ ಹಿಂದೆ ತೂಗುಹಾಕಲು ಒಂದು ಗದೆ ಹೇಳಿದ್ದರು. ಗದೆ ಇಲ್ಲದ ಸಿಟ್ಟಿಗೆ ಅವರು ಬರಿಗೈಯಲ್ಲೇ ಬಾಗಿಲು ಗುದ್ದುತ್ತಿದ್ದರು. ಎಲ್ಲರೂ ಒಟ್ಟಿಗೆ ಕೂಗುತ್ತಿದ್ದರು, ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು.

ಬೇರೆ ಯಾರಾದರೂ ಆಗಿದ್ದರೆ ತಾವೂ ಒಂದು ಗುದ್ದು ಹಾಕಿ ಮನೆಗೆ ಹೋಗುತ್ತಿದ್ದರು. ಆದರೆ ಬಾಗಿಲ ಮುಂದೆ ಗುಂಪು, ಗುಂಪಿನ ಕೈಯಲ್ಲಿ ರಸೀದಿ! ನಂಜುಂಡನ ಬಾಯಿ ಅವನ ಅಪ್ಪಣೆ ಕೇಳದೆ ತೆರೆದುಕೊಂಡಿತು.

"ಕ್ಯೂ! ಎಲ್ಲಾರೂ ಕ್ಯೂಲ ವಾಂಗ! ರಸೀದಿ ಕೈಯಲ್ಲಿಟ್ಟುಕೊಳ್ಳಿ! ಹೆಂಗಸರು ಎಡಗಡೆ!"

ಆ ದನಿಯಲ್ಲಿ ಇಪ್ಪತ್ತಾರು ವರ್ಷದ ಸರ್ವಿಸಿತ್ತು. ಜನ ಸಾಲಾಗಿ ನಿಂತರು. ನಂಜುಂಡ ಕೆಳಗಿನ ಅಂಗಡಿಯಿಂದ ಒಂದು ಉದ್ದನೆ ನೋಟ್‌ಬುಕ್ ತರಿಸಿ, ಮೆಟ್ಟಿಲ ಮೇಲೆ ಕೂತು, ಗೆರೆ ಎಳೆದು, ಒಬ್ಬೊಬ್ಬರ ಹೆಸರು, ಸಾಮಾನು, ರಸೀದಿ ನಂಬರು ಬರೆದುಕೊಂಡ. ಬರೆದ ಮೇಲೆ ಜನರನ್ನು ಬರಿಗೈಯಲ್ಲಿ ಕಳಿಸುವುದು ಹೇಗೆ? ಕೌಂಟರಿಗೆ ಬಂದವನ ಕೈಗೆ ಒಂದು ಚೀಟಿಯನ್ನಾದರೂ ಕೊಡದೆ ಕಳಿಸಿದ್ದು ಅವನ ಚರಿತ್ರೆಯಲ್ಲೇ ಇಲ್ಲ. ಹಾಳೆ ಹರಿದು ಬರೆದ: "ರಸೀದಿ ಪರಿಶೀಲಿಸಲಾಗಿದೆ. ಸರದಿ ಸಂಖ್ಯೆ ಇಷ್ಟು." ಕೆಳಗೆ ಸಹಿ. ಸಹಿಯ ಕೆಳಗೆ, ಏನಾದರೂ ವಿಚಾರವಿದ್ದರೆ ತಿಳಿಸಲೆಂದು, ಮನೆಯ ವಿಳಾಸ. ಕೊನೆಗೆ ನಲವತ್ತೇಳನೆಯದಾಗಿ ತನ್ನ ಹೆಸರನ್ನೂ ಬರೆದು, ತನಗೊಂದು ಚೀಟಿ ಕೊಟ್ಟುಕೊಂಡ.

ಜನ ಕೈಮುಗಿದು ಹೋದರು. "ನಲ್ಲ ಮನುಷರ್," ಒಳ್ಳೆಯ ಮನುಷ್ಯ, ಎಂದರು ಸುಮತಿ ಟೀಚರ್. ಕಂಪನಿ ಮುಳುಗಿದರೂ ಕಂಪನಿಯವನೊಬ್ಬ ಜವಾಬ್ದಾರಿಯಾಗಿ ಕೂತು ಬರೆದುಕೊಂಡನಲ್ಲ ಎಂದು ಎಲ್ಲರಿಗೂ ಸಮಾಧಾನ. ನಂಜುಂಡನಿಗೂ ಸಮಾಧಾನ. ಮನೆಗೆ ಬಂದು ಎರಡು ತಟ್ಟೆ ಅನ್ನ ಉಂಡ.

ಭಾನುವಾರ ಬೆಳಿಗ್ಗೆ ಏಳಕ್ಕೆ ಕರೆಗಂಟೆಯ ಸದ್ದಾಯಿತು. ಬಾಗಿಲಲ್ಲಿ ಮಧ್ವರಾಜ. ಹಿಂದೆ ಮೆಟ್ಟಿಲುದ್ದಕ್ಕೂ ಸಾಲು. ನಂಜುಂಡ ಕಲಿಸಿದ ಹಾಗೇ, ಹೆಂಗಸರು ಎಡಗಡೆ.

"ನನ್ನ ಗದೆ ಎಲ್ಲಿ ಮಾರಾಯ್ರೆ?"

"ನನ್ನನ್ನ ಕೇಳಿದ್ರೆ? ನಾನೂ ನಿಮ್ಮ ಹಾಗೇ ಕಸ್ಟಮರು ಸ್ವಾಮಿ."

"ಎಂತ ಹೇಳ್ತೀರಿ ನೀವು? ಕಸ್ಟಮರು ಯಾರಾದ್ರೂ ಟೋಕನ್ ಕೊಡ್ತಾರಾ? ನನ್ನ ಹೋಟೆಲಿಗೆ ದಿನಾ ಸಾವಿರ ಕಸ್ಟಮರು ಬರ್ತಾರೆ. ಒಬ್ಬನಾದ್ರೂ ಉಳಿದವರನ್ನ ಸಾಲಲ್ಲಿ ನಿಲ್ಲಿಸಿ ಇಡ್ಲಿಗೆ ಸಹಿ ಹಾಕಿದ್ದುಂಟಾ?"

ಅಷ್ಟರಲ್ಲಿ ಮಧ್ವರಾಜರ ಕಣ್ಣು ಹಾಲಿನ ಖಾಲಿ ಚೌಕದ ಮೇಲೆ ಬಿತ್ತು. "ನೋಡಿ, ನೋಡಿ! ಸಾಮಾನು ಇಲ್ಲಿ ಇಟ್ಟಿದ್ರು, ನಿನ್ನೆಯೇ ಸಾಗಿಸಿದ್ದಾರೆ. ಗುರುತು ಉಂಟು!" ಎಂದು ಕೂಗಿದರು. ಸಾಲಿನಲ್ಲಿದ್ದವರೆಲ್ಲ ಒಬ್ಬೊಬ್ಬರಾಗಿ ಬಂದು ಖಾಲಿ ನೆಲ ನೋಡಿ ಹೋದರು. ಸೇಠ್‌ಜಿ ಬಗ್ಗಿ ಸೀಮೆಸುಣ್ಣ ಮೂಸಿದರು.

ಗಲಾಟೆ ಕೇಳಿ ಮೇಲಿನ ಮಹಡಿಯಿಂದ ಮನೆ ಓನರ್ ಜಯಲಕ್ಷ್ಮೀ ಇಳಿದು ಬಂದರು. ಅವರಿಗೆ ಅರ್ಥವಾದದ್ದು ಒಂದೇ. ಸಂಸಾರಕ್ಕೆಂದು ಬಾಡಿಗೆಗೆ ಕೊಟ್ಟ ಮನೆಯಲ್ಲಿ ಈ ಮನುಷ್ಯ ಕಂಪನಿ ನಡೆಸುತ್ತಿದ್ದಾನೆ! ಅವರು ಅಲ್ಲೇ ನಿಂತು ಬಾಡಿಗೆ ಏರಿಸಿದರು. ಯಾರಿಂದಲೋ ಸುದ್ದಿ ತಿಳಿದ ಭಾವಮೈದ ಅಜಿತ ಮಧ್ಯಾಹ್ನ ಫೋನ್ ಮಾಡಿದ. "ಭಾವ, ಕಂಪನಿ ಶುರು ಮಾಡಿದ್ದೀರಂತೆ, ನಂಗೊಂದ್ ಮಾತು ಹೇಳ್ಬಾರ್ದಾ? ಸೇಲಂ ಏಜೆನ್ಸಿ ನಂಗೇ ಕೊಡ್ಬೇಕು, ಹೊರಗಿನವರಿಗೆ ಕೊಟ್ಟೀರಾ!"

"ಕಂಪನಿ ಮುಳುಗಿದೆ ಕಣೋ!"

"ಶುರು ಮಾಡ್ದ ವಾರಕ್ಕೇ ಮುಳುಗಿಸಿದ್ರಾ? ಸೋಫಾ ವಾಪಸ್ ಕೇಳ್ಬೇಡಿ ಮತ್ತೆ," ಎಂದು ಅಜಿತ ಫೋನಿಟ್ಟ.

ಅಂದು ಬಂದವರನ್ನು ನಂಜುಂಡ ಹೇಗೆ ಕಳಿಸಿದ ಎಂದು ಕೇಳುತ್ತೀರಾ? ಪ್ರತಿಯೊಬ್ಬರ ದೂರನ್ನೂ ಬರೆದುಕೊಂಡು, ದೂರು ಬಂದಿದೆ ಎಂದು ಇನ್ನೊಂದು ಚೀಟಿ ಸಹಿ ಮಾಡಿ ಕೊಟ್ಟ. ಊರ್ಮಿಳಾ ಹಣೆ ಹಣೆ ಚಚ್ಚಿಕೊಂಡಳು. "ಆ ಪೆನ್ನನ್ನ ಬಾವಿಗೆ ಹಾಕ್ರೀ!" ಎಂದಳು. ಪುರಸೈವಾಕ್ಕಂನಲ್ಲಿ ಬಾವಿ ಎಲ್ಲಿಂದ ಬರಬೇಕು.

ಎರಡೆರಡು ಚೀಟಿ ಕೈಗೆ ಬಂದ ಮೇಲೆ ನಲವತ್ತಾರು ಜನಕ್ಕೂ ಧೈರ್ಯ ಬಂತು. ಬುಧವಾರ ಎಲ್ಲರೂ ಪೊಲೀಸ್ ಸ್ಟೇಷನ್ನಿಗೆ ಹೋದರು. ಗುರುವಾರ ಕಾನ್‌ಸ್ಟೇಬಲ್ ಬಂದು ನಂಜುಂಡನನ್ನು ನೋಟ್‌ಬುಕ್ ಸಮೇತ ಕರೆದೊಯ್ದ.

ಇನ್ಸ್‌ಪೆಕ್ಟರ್ ತಮಿಳಿನಲ್ಲಿ ಕೇಳಿದ್ದನ್ನು ಕನ್ನಡದಲ್ಲಿ ಹೇಳುವುದಾದರೆ ಹೀಗೆ.

"ಕಂಪನಿಗೆ ನೀನು ಏನಾಗಬೇಕಯ್ಯಾ?"

"ಕಸ್ಟಮರ್ ಸಾರ್. ಸರದಿ ಸಂಖ್ಯೆ ನಲವತ್ತೇಳು."

"ಮತ್ತೆ ಒಂದರಿಂದ ನಲವತ್ತಾರರ ತನಕ ಸಹಿ ಯಾಕೆ ಹಾಕಿದೆ?"

"ಕ್ಯೂ ಇತ್ತು ಸಾರ್."

"ಕ್ಯೂ ಕಂಡಲ್ಲೆಲ್ಲ ಸಹಿ ಹಾಕ್ತೀಯಾ?"

"ಹಾಕದೆ ಜನರನ್ನ ಹೇಗೆ ಕಳಿಸೋದು ಸಾರ್?"

ಇನ್ಸ್‌ಪೆಕ್ಟರ್ ನೋಟ್‌ಬುಕ್ ತಿರುವಿದರು. ಹೆಸರು, ಸಾಮಾನು, ರಸೀದಿ ನಂಬರು, ತಾರೀಕು, ಷರಾ. ಕೊನೆಯ ಸಾಲಿಗೆ ಬಂದು ನಿಂತರು. "ಈ ನಲವತ್ತೇಳನೇ ಚೀಟಿ ಕೊಟ್ಟವನು ಯಾರು?"

"ನಾನೇ ಸಾರ್."

"ಯಾರಿಗೆ ಕೊಟ್ಟೆ?"

"ನನಗೇ ಸಾರ್," ಎಂದು ನಂಜುಂಡ ಜೇಬಿನಿಂದ ಚೀಟಿ ತೆಗೆದು ತೋರಿಸಿದ.

ಇನ್ಸ್‌ಪೆಕ್ಟರ್ ಟೋಪಿ ತೆಗೆದು ಮೇಜಿನ ಮೇಲಿಟ್ಟು ಸ್ವಲ್ಪ ಹೊತ್ತು ಫ್ಯಾನ್ ನೋಡಿದರು. ಆಮೇಲೆ ಹೊರಗೆ ಕಾಯುತ್ತಿದ್ದ ಮಧ್ವರಾಜರನ್ನು ಕರೆದು, "ಇವನು ಕಳ್ಳನಲ್ಲ. ಕಳ್ಳನಾಗೋಕೆ ಇವನ ಕೈಲಿ ಆಗೋದೂ ಇಲ್ಲ," ಎಂದರು. ಓಡಿಹೋದ ಮಾಲೀಕನ ಮೇಲೆ ಕೇಸು ಹಾಕಲು ಗಿರಾಕಿಗಳ ಪಟ್ಟಿ ಬೇಕಿತ್ತು. ಅವನು ತನ್ನ ಲೆಕ್ಕದ ಪುಸ್ತಕವನ್ನೆಲ್ಲ ಸುಟ್ಟುಹಾಕಿ ಓಡಿದ್ದ. ಇಡೀ ಮದರಾಸಿನಲ್ಲಿ ಉಳಿದದ್ದು ನಂಜುಂಡನ ಪಟ್ಟಿ ಒಂದೇ. ಅದನ್ನು ಇಟ್ಟುಕೊಳ್ಳುತ್ತೇವೆ ಎಂದರು ಇನ್ಸ್‌ಪೆಕ್ಟರ್. ಇಟ್ಟುಕೊಳ್ಳಿ ಸಾರ್, ಪಡೆದುಕೊಂಡಿದ್ದಕ್ಕೆ ಒಂದು ಚೀಟಿ ಕೊಡಿ ಎಂದ ನಂಜುಂಡ. ಅವರು ಗದರಿದರು, ಇವನು ನಿಂತೇ ಇದ್ದ. ಕೊನೆಗೆ ಕೊಟ್ಟರು.

ವಲಸರವಾಕ್ಕಂನಲ್ಲಿ ಕಂಪನಿಯ ಗೋಡೌನ್ ಇತ್ತು. ಶನಿವಾರ ಹನ್ನೊಂದಕ್ಕೆ ಬೀಗ ಒಡೆದು ಮಹಜರು ಮಾಡುವುದು, ಎಲ್ಲರೂ ಬಂದು ತಮ್ಮ ಸಾಮಾನು ಗುರುತಿಸುವುದು ಎಂದಾಯಿತು. ಶನಿವಾರ ಅಂದದ್ದೇ ನಂಜುಂಡ ಗೋಡೆಯ ಕ್ಯಾಲೆಂಡರ್ ನೋಡಿದ. ಅತ್ತೆ ಬರುವುದು ಅಂದೇ.

ಕೃತಿಗೆ ಪರೀಕ್ಷೆಯೆಂದು ಊರ್ಮಿಳಾ ಮನೆಯಲ್ಲುಳಿದಳು. ರೈಲ್ವೆ ಸ್ಟೇಷನ್ನಿಗೆ ನಂಜುಂಡ ಒಬ್ಬನೇ ಹೋದ. ಚಿಕ್ಕತಾಯಮ್ಮನವರು ಅರಿಶಿನ ಬಣ್ಣದ ರೇಷ್ಮೆ ಸೀರೆ ಉಟ್ಟು, ಮುಡಿತುಂಬ ಹೂ ಮುಡಿದು ರೈಲಿಳಿದರು. ನಲವತ್ತು ವರ್ಷ ಕಾದ ಕೂರುವಿಕೆಗೆ ಸಜ್ಜಾಗಿ ಬಂದಿದ್ದರು. ನಂಜುಂಡ ಮುಖ ಎತ್ತದೆ ಆಟೋ ಕರೆದ. ಆಟೋ ಹತ್ತಿದರು. ಮಧ್ಯೆ ಮಾತು ದಾಟಿಸಲು ಊರ್ಮಿಳಾ ಇಲ್ಲ, ಗೋಡೆಯೂ ಇಲ್ಲ.

"ಆಟೋದವ್ರೇ," ಎಂದರು ಚಿಕ್ಕತಾಯಮ್ಮ, "ನಮ್ಮ ಅಳಿಯಂದ್ರಿಗೆ ಹೇಳಿ, ಮನೆಗ್ ಆಮೇಕೆ ಹೋಗಾನ, ಮೊದ್ಲು ಸಿಂಹಾಸನ ತೋರ್ಸಿ ಅಂತ. ಮನೇಲಿ ಇಲ್ಲವಂತೆ, ಊರ್ಮಿಳಾ ಫೋನಲ್ಲಿ ಬಾಯ್ಬಿಟ್ಟವಳೆ."

"ಸಾರ್, ಅಮ್ಮಾ ಏದೋ ಸೊಲ್ರಾಂಗ," ಅಮ್ಮ ಏನೋ ಹೇಳ್ತಿದ್ದಾರೆ, ಎಂದ ಕನ್ನಡ ತಿಳಿಯದ ಡ್ರೈವರು.

ನಂಜುಂಡನಿಗೂ ಅತ್ತೆಯ ಕಡೆ ತಿರುಗುವ ಧೈರ್ಯವಾಗಲಿಲ್ಲ. ಡ್ರೈವರನ ಬೆನ್ನಿಗೇ ಹೇಳಿದ. "ಅತ್ತೆಯವರಿಗೆ ಹೇಳಪ್ಪಾ. ಕಂಪನಿ ಮುಳುಗೋಯ್ತು. ಸಿಂಹಾಸನ ಪೊಲೀಸರ ವಶದಲ್ಲಿದೆ. ಕೇಸು ಮುಗಿಯೋ ತನಕ ಯಾರೂ ಮುಟ್ಟೋ ಹಾಗಿಲ್ಲ. ನನ್ನದೇ ತಪ್ಪು."

ಡ್ರೈವರನಿಗೆ ಪೊಲೀಸ್ ಎಂಬುದೊಂದು ಅರ್ಥವಾಗಿ ಗಾಡಿ ನಿಲ್ಲಿಸಿಬಿಟ್ಟ. ಚಿಕ್ಕತಾಯಮ್ಮ ಮುಡಿಯ ಹೂ ಸರಿಮಾಡಿಕೊಂಡರು. "ಆಟೋದವ್ರೇ, ಪೊಲೀಸ್ನೋರ ಹತ್ರಕ್ಕೇ ಬಿಡಿ. ನೋಡಾಕೇನು ಕಾಸಾ?" ಎಂದರು. ನಂಜುಂಡ ವಲಸರವಾಕ್ಕಂ ಎಂದದ್ದೇ, ತಮ್ಮ ಹಳೆಯ ಮದರಾಸು ತಮಿಳಿನಲ್ಲಿ ಡ್ರೈವರನಿಗೆ ದಾರಿಯನ್ನೂ ಹೇಳಿದರು.

ಗೋಡೌನಿನ ಮುಂದೆ ನಲವತ್ತಾರು ಜನ ಸಾಲಾಗಿ ನಿಂತಿದ್ದರು. ಬಾಗಿಲು ತೆಗೆದರೆ ಒಳಗೆ ಅರೆಬರೆ ರಾಜ್ಯ. ಮಧ್ವರಾಜರ ಗದೆಗೆ ಹಿಡಿಯಿತ್ತು, ಗುಂಡಿರಲಿಲ್ಲ. ಅವರು ಅದನ್ನು ಎತ್ತಿ ಹಿಡಿದು, "ಇದು ಗದೆ ಅಲ್ಲ, ಒನಕೆ!" ಎಂದು ಕಣ್ಣೀರು ಹಾಕಿದರು. ಗಿಣಿಯ ಪಂಜರಕ್ಕೆ ಬಾಗಿಲಿತ್ತು, ಪಂಜರವಿರಲಿಲ್ಲ. ಮೂರು ಕಿರೀಟವೂ ಸೇರಿ ಒಂದು ತಲೆಗೆ ಸಾಲದು. ಮೂಲೆಯಲ್ಲಿ ಗೋಣಿತಟ್ಟು ಸರಿಸಿದಾಗ ಸಿಂಹಾಸನ ಕಾಣಿಸಿತು. ಬಲಗಡೆ ಬಾಯಿ ತೆರೆದ ಪೂರ್ತಿ ಸಿಂಹ, ಎಡಗಡೆ ಎದೆಯ ತನಕ ಅರ್ಧ ಸಿಂಹ. ಕಾಗದದಲ್ಲಿ ಕಂಪನಿ ಸುಳ್ಳು ಬರೆದಿರಲಿಲ್ಲ.

ಇನ್ಸ್‌ಪೆಕ್ಟರ್ ಮಹಜರು ಬರೆಸುತ್ತ, "ಇದು ಆ ಚಿತ್ರದ್ದೇ ತದ್ರೂಪು ಅಂತ ಯಾರು ಹೇಳೋರು? ಅಸಲು ಕಣ್ಣಾರೆ ಕಂಡವರು ಯಾರಾದ್ರೂ ಇದ್ದೀರಾ?" ಎಂದು ಕೇಳಿದರು. ನಲವತ್ತಾರು ಸಂಗ್ರಹಕಾರರೂ ತಲೆ ತಗ್ಗಿಸಿದರು. ಅವರೆಲ್ಲ ಕಂಡದ್ದು ಪರದೆಯ ಮೇಲೆ.

"ನಾನ್ ಕಂಡಿವ್ನಿ," ಎಂದರು ಚಿಕ್ಕತಾಯಮ್ಮ.

ಎಲ್ಲರೂ ದಾರಿ ಬಿಟ್ಟರು. ಆಕೆ ಸಿಂಹಾಸನದ ಮುಂದೆ ನಿಂತು ಬಹಳ ಹೊತ್ತು ನೋಡಿದರು. "ಮುಂದ್ಗಡೆದು ನಂಗೊತ್ತಿಲ್ಲ ಸ್ವಾಮಿ. ನಾನ್ ನೋಡಿದ್ದು ಇದರ ಬೆನ್ನ," ಎಂದು ಹಿಂದಕ್ಕೆ ಹೋದರು. ಹಿಂದೆ ಬಣ್ಣವಿಲ್ಲದ ಬರಿಯ ಹಲಗೆ, ಹೊರಬಂದ ಮೊಳೆ. ಆಕೆ ಮೊಳೆಯನ್ನು ಬೆರಳಿನಿಂದ ಮುಟ್ಟಿದರು. "ಇದೇ ಕಣಪ್ಪ. ಹಿಂಗೇ ಇತ್ತು. ನನ್ ಸೆರಗು ಇಲ್ಲೇ ಸಿಕ್ಕಾಕಂಡು ಹರ್ದಿತ್ತು."

ಬರೆದುಕೊಂಡರು. ಮುಂದಿನ ಸಾಮಾನು ಎಂದರು ಇನ್ಸ್‌ಪೆಕ್ಟರ್. ಚಿಕ್ಕತಾಯಮ್ಮ ಹಿಂದೆಯೇ ನಿಂತಿದ್ದರು, ರೇಷ್ಮೆ ಸೀರೆಯಲ್ಲಿ. ನಂಜುಂಡನಿಗೆ ತಡೆಯಲಾಗಲಿಲ್ಲ.

"ಸಾರ್, ಷರಾ ಬಿಟ್ಟುಹೋಯ್ತು."

"ಏನು ಷರಾ?"

"ಸರಕಿನ ಸ್ಥಿತಿ ಸಾರ್. ಕುರ್ಚಿ ಅಂದ್ಮೇಲೆ ಭಾರ ತಡೆಯುತ್ತಾ ಇಲ್ವಾ ಅಂತ ಬರೀಬೇಕು. ಬರೀದೆ ಇದ್ರೆ ನಾಳೆ ಕೋರ್ಟಲ್ಲಿ ಕೇಳ್ತಾರೆ. ನಮ್ಮ ಆಫೀಸಲ್ಲಿ ಷರಾ ಇಲ್ಲದೆ ಒಂದು ಬುಟ್ಟಿಯೂ ಹೊರಗೆ ಹೋಗಲ್ಲ. ಯಾರಾದ್ರೂ ಕೂತು ನೋಡ್ಬೇಕು ಸಾರ್."

ಇನ್ಸ್‌ಪೆಕ್ಟರ್ ಅವನನ್ನು ನೋಡಿದರು, ಮುದುಕಿಯ ಮುಡಿಯ ಹೂ ನೋಡಿದರು. "ಸರಿ, ಆ ಅಮ್ಮನೇ ಕೂತು ನೋಡಲಿ. ಬೆನ್ನು ಅಲ್ಲಾಡ್ತಿದೆ, ನೀನು ಹಿಂದೆ ಹಿಡಿದುಕೋ," ಎಂದರು.

ನಂಜುಂಡ ಹಿಂದೆ ನಿಂತು ಹಲಗೆಯನ್ನು ಎರಡೂ ಕೈಯಲ್ಲಿ ಅಪ್ಪಿ ಹಿಡಿದ. ಚಿಕ್ಕತಾಯಮ್ಮ ಸೆರಗು ಸರಿಮಾಡಿಕೊಂಡು ಕೂತರು. ಕಾಲು ನೆಲಕ್ಕೆ ಎಟುಕಲಿಲ್ಲ. ನಲವತ್ತಾರು ಜನ ನೋಡುತ್ತಿದ್ದರು. ಆಕೆ ಬಲಕ್ಕೆ ನೋಡಿದರು, ಎಡಕ್ಕೆ ನೋಡಿದರು. ಹಿಂದಕ್ಕೆ ತಿರುಗಲು ಹೋದರು. ಹಲಗೆ ತಲೆಗಿಂತ ಎರಡು ಮೊಳ ಎತ್ತರವಿತ್ತು.

"ಅಯ್ಯೋ ಶಿವ್ನೇ," ಎಂದರು. "ಇಲ್ಲಿ ಕೂತ್ರೆ ಹಿಂದ್ಗಡೆ ಯಾರವ್ರೆ ಅಂತ ಕಾಣಾಕೇ ಇಲ್ವಲ್ಲ! ಆ ರಾಣಿಯಮ್ಮ ನಾಕ್ ದಿನದಲ್ಲಿ ಒಂದಪ ತಿರುಗಿ ನೋಡ್ನಿಲ್ಲ, ಒಂದ್ ಮಾತಾಡ್ನಿಲ್ಲ ಅಂತ ನಲವತ್ತು ವರ್ಷ ಬೈಕಂಡ್ ಬಂದ್ನಲ್ಲಪ್ಪ. ಪಾಪ, ನಾನಲ್ಲಿದ್ದದ್ದೇ ಅವಳಿಗ್ ಗೊತ್ತಿರ್ನಿಲ್ವೇನೋ."

ಆಕೆ ಸಿಂಹದ ತಲೆಯ ಮೇಲೆ ಕೈಯಿಟ್ಟುಕೊಂಡು ಏನನ್ನೋ ಯೋಚಿಸುತ್ತ ಕೂತಿದ್ದರು.

"ಅಳಿಯಂದ್ರೇ," ಎಂದರು.

ನಂಜುಂಡ ಯಾರ ಅಳಿಯ ಬಂದನೋ ಎಂದು ಸುತ್ತ ನೋಡಿದ. "ನಿಮಗೇ ಮಾರಾಯ್ರೆ," ಎಂದು ಮಧ್ವರಾಜ ಒನಕೆಯಿಂದ ತಿವಿದರು.

"ಹಿಂದ್ಗಡೆ ಯಾಕ್ ನಿಂತಿದ್ದೀರಿ ಅಳಿಯಂದ್ರೇ? ಮುಂದಕ್ ಬನ್ನಿ."

"ಬಿಟ್ರೆ ಬಿದ್ದೋಗುತ್ತೆ ಅತ್ತೆ," ಎಂದ ನಂಜುಂಡ.

"ನೀವು ಹೋಗಿ. ನಾನು ಹಿಡ್ಕೊಳ್ತೇನೆ," ಎಂದು ಮಧ್ವರಾಜ ಒನಕೆ ಕೆಳಗಿಟ್ಟು ಬಂದು ಹಲಗೆಗೆ ಹೆಗಲು ಕೊಟ್ಟರು. ನಂಜುಂಡ ಸುತ್ತಿಬಂದು ಎದುರಿಗೆ ನಿಂತ. ಚಿಕ್ಕತಾಯಮ್ಮ ಅವನನ್ನು ಮೇಲಿನಿಂದ ಕೆಳಗಿನ ತನಕ ನೋಡಿದರು.

"ಸೊರಗಿದ್ದೀರಲ್ಲ ಅಳಿಯಂದ್ರೇ," ಎಂದರು. "ಊರ್ಮಿಳಾ ಹೊಟ್ಟೆತುಂಬ ಊಟಕ್ಕಿಕ್ತಾಳೋ ಇಲ್ವೋ?"

ಈ ಗಳಿಗೆಗೆಂದು ನಂಜುಂಡ ಇಪ್ಪತ್ತೊಂದು ವರ್ಷದಿಂದ ಎಷ್ಟೋ ಮಾತು ಕಟ್ಟಿಟ್ಟುಕೊಂಡಿದ್ದ. ಒಂದೂ ಬಾಯಿಗೆ ಬರಲಿಲ್ಲ.

"ಇಕ್ತಾಳೆ ಅತ್ತೆ," ಎಂದ.